ತತ್ಯಾನಳ ದಾದಿ
(ವಾಚನಕೂಟವೊಂದರಲ್ಲಿ ಮಾಡಿದ ಭಾಷಣ)

ಪುಷ್ಕಿನ್ ಕವಿಯ ‘ಯೆವ್ಗೆನಿ ಒನೇಗಿನ್’ ಪದ್ಯರೂಪದ ಕಾದಂಬರಿ. 1823ರಲ್ಲಿ, ಚಕ್ರವರ್ತಿಯ ಅವಕೃಪೆಯಿಂದ ದಕ್ಷಿಣಕ್ಕೆ ಗಡೀಪಾರಾಗಿದ್ದಾಗ ಆತ ಅದನ್ನು ಆರಂಭಿಸಿದ. ಇಡೀ ಪುಸ್ತಕ ಹೊರಬಂದುದು 1833ರಲ್ಲಿ. ಇದನ್ನು ಪ್ರೇಮಕಥೆಯೆಂದು ಓದಿ ಮುಚ್ಚಿಡುವವರೇ ಹೆಚ್ಚು. ಶ್ರೀಮಂತರ ಕಥೆ ನಮಗೇಕೆ ಎನ್ನುವವರೂ ಉಂಟು. ನಾವು ಬೇರೊಂದು ಪ್ರಶ್ನೆ ಕೇಳೋಣ: ಈ ಕಥೆಯವರೆಲ್ಲ ಯಾರ ದುಡಿಮೆಯನ್ನು ಉಣ್ಣುತ್ತಿದ್ದಾರೆ?

ಒನೇಗಿನ್ ಪೀಟರ್ಸ್‌ಬರ್ಗಿನ ಕುಣಿತ, ನಾಟಕ, ಔತಣಗಳಲ್ಲಿ ಬೇಸತ್ತ ಯುವಕ. ಚಿಕ್ಕಪ್ಪನ ಜಮೀನು ಕೈಗೆ ಬಂದಾಗ ರೈತರ ಬಿಟ್ಟಿ ದುಡಿಮೆಯನ್ನು ತೆಗೆದು ಹಗುರವಾದ ಗೇಣಿ ಗೊತ್ತುಮಾಡುತ್ತಾನೆ. ಜೀತದವರು ಹರಸುತ್ತಾರೆ, ನೆರೆಯ ಜಮೀನುದಾರರು ಇವನು ಅಪಾಯದ ಮನುಷ್ಯನೆಂದು ಬಗೆಯುತ್ತಾರೆ. ಆದರೆ ಕವಿ ಮೊದಲೇ ಹೇಳಿಬಿಡುತ್ತಾನೆ: ಹೊತ್ತು ಕಳೆಯಲೆಂದೇ ಇದನ್ನು ಮಾಡಿದ. ಬೇಸರ ಹುಟ್ಟಿಸಿದ ಒಳ್ಳೆಯತನಕ್ಕೆ ಬೇರಿಲ್ಲ. ಇದೇ ಮನುಷ್ಯ ಮುಂದೆ ನಾಲ್ಕು ಜನರ ಮಾತಿಗೆ ಅಂಜಿ, ಬೇಡವೆನ್ನಬಹುದಾಗಿದ್ದ ದ್ವಂದ್ವಯುದ್ಧದಲ್ಲಿ ಗೆಳೆಯ ಲೆನ್ಸ್ಕಿಯನ್ನು ಕೊಲ್ಲುತ್ತಾನೆ. 1837ರಲ್ಲಿ ಕವಿಯ ಪ್ರಾಣವೂ ಅಂಥದೇ ಕಾಳಗದಲ್ಲಿ ಹೋಯಿತು.

ಇನ್ನು ತತ್ಯಾನ. ಒನೇಗಿನ್‌ಗೆ ಪತ್ರ ಬರೆಯುವ ರಾತ್ರಿ ನಿದ್ದೆ ಬಾರದೆ, ನಿನಗೂ ಪ್ರೀತಿ ಆಗಿತ್ತೇ ಎಂದು ದಾದಿಯನ್ನು ಕೇಳುತ್ತಾಳೆ. ಮುದುಕಿಯ ಪಾಲಿಗೆ ಅದು ಕೇಳಿರದ ಮಾತು. ಹದಿಮೂರು ವರುಷಕ್ಕೆ ಮದುವೆ. ಗಂಡ ಇನ್ನೂ ಚಿಕ್ಕವನು. ಅಂಜಿಕೊಂಡು ಅಳುತ್ತ ಹೋದವಳು. ಕಥೆ ಮುಗಿಯುವ ಮೊದಲೇ ಹುಡುಗಿ ತನ್ನ ದುಃಖಕ್ಕೆ ತಿರುಗುತ್ತಾಳೆ. ಪತ್ರ ಮುಟ್ಟಿಸಲು ಹೋಗುವವನೂ ದಾದಿಯ ಮೊಮ್ಮಗನೇ!

ಅದೇ ಅಧ್ಯಾಯದಲ್ಲಿ ತೋಟದ ಹೆಣ್ಣುಮಕ್ಕಳು ಹಣ್ಣು ಬಿಡಿಸುತ್ತ ಹಾಡುತ್ತಾರೆ. ಸಂತೋಷಕ್ಕಲ್ಲ, ಹಾಡುವ ಬಾಯಿ ಧಣಿಯ ಹಣ್ಣನ್ನು ತಿನ್ನಲಾರದೆಂದು ಮನೆಯವರ ಅಪ್ಪಣೆ. ಇಷ್ಟನ್ನು ನಗುತ್ತಲೇ ಹೇಳಿ ಕವಿ ಮುಂದೆ ಹೋಗುತ್ತಾನೆ. ನಾವು ಮಾತ್ರ ಅಲ್ಲಿ ನಿಲ್ಲಬೇಕು.

ಕೊನೆಗೆ ತತ್ಯಾನ ರಾಜಧಾನಿಯಲ್ಲಿ ಸೇನಾಧಿಪತಿಯ ಹೆಂಡತಿ. ಈಗ ಕಾಲಿಗೆ ಬೀಳುವವನು ಒನೇಗಿನ್. ಪ್ರೀತಿ ಇದ್ದೂ ಅವಳು ಒಲ್ಲೆನೆನ್ನುತ್ತಾಳೆ. ಈ ವೈಭವವನ್ನೆಲ್ಲ ಕೊಟ್ಟು ಅವಳು ಮರಳಿ ಬಯಸುವುದೇನು? ಹಳ್ಳಿಯ ಮನೆ, ಪುಸ್ತಕದ ಕಪಾಟು, ದಾದಿಯನ್ನು ಮಣ್ಣುಮಾಡಿದ ಜಾಗ. ಅಂದು ಪೂರ್ತಿ ಕೇಳದೆ ಬಿಟ್ಟ ಮುದುಕಿ ಇಂದು ನೆನಪಿಗೆ ಬಂದಳು. ಆದರೆ ಕೇಳಬೇಕೆಂದರೆ ಅವಳಿಲ್ಲ.

ರಷ್ಯದಲ್ಲಿ ಜೀತ ಕಾನೂನಿನಿಂದ ಹೋದದ್ದು 1861ರಲ್ಲಿ, ಕವಿ ಸತ್ತ 24 ವರುಷದ ಮೇಲೆ. ಆ ದಾದಿಯಂಥವರಿಗೆ ಅದು ತಡವಾಯಿತು. ಮಿತ್ರರೆ, ದೊಡ್ಡ ಪುಸ್ತಕಗಳನ್ನು ಬಿಡಬೇಡಿರಿ. ಓದುವಾಗ, ಮಾತು ಅರ್ಧಕ್ಕೇ ನಿಂತುಹೋದವರನ್ನು ಹುಡುಕಿರಿ.