ತಂಡ ಹೊರಟುಹೋದ ಮೇಲೆ
(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತುಗಳು)



ಅಮೆರಿಕದ ಅನೇಕ ಕ್ಯಾಥೊಲಿಕ್ ಚರ್ಚುಗಳು ಬಡ ದೇಶವಾದ ಹೈಟಿಯ ಒಂದೊಂದು ಚರ್ಚಿನೊಡನೆ ನಂಟು ಬೆಳೆಸಿಕೊಂಡಿವೆ. ಅಲ್ಲಿನ ಡಾಕ್ಟರು, ನರ್ಸುಗಳ ಜೊತೆ ಸಾಮಾನ್ಯ ಭಕ್ತರೂ ರಜೆ ಹಾಕಿ, ಬಹುಪಾಲು ಸ್ವಂತ ಖರ್ಚಿನಲ್ಲೇ, ಔಷಧದ ಪೆಟ್ಟಿಗೆ ಹೊತ್ತು ಒಂದು ವಾರದ ಸೇವೆಗೆ ಹೋಗುತ್ತಿದ್ದರು. ಶಾಲೆಯ ಕೋಣೆಯೇ ದವಾಖಾನೆ. ವೈದ್ಯರಲ್ಲದವರು ಹೆಸರು ಬರೆದುಕೊಳ್ಳುತ್ತಿದ್ದರು, ಮಾತ್ರೆ ಎಣಿಸಿ ಪೊಟ್ಟಣ ಕಟ್ಟುತ್ತಿದ್ದರು. ರೋಗಿಗಳ ಮಾತು ಕ್ರಿಯೋಲ್. ದುಭಾಷಿ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ.

ದೊಡ್ಡ ಸೇವೆಯೇ ಸರಿ. ಆದರೆ ತಂಡ ಹೊರಟುಹೋದ ಮೇಲೆ? ರಕ್ತದೊತ್ತಡದ ಮಾತ್ರೆ ಮುಗಿಯುತ್ತದೆ, ಕಾಯಿಲೆ ಮುಗಿಯುವುದಿಲ್ಲ.

ಅದೇ ಹೈಟಿಯ ಕಾಂಜ್ ಎಂಬ ಊರಿನಲ್ಲಿ ಡಾ. ಪಾಲ್ ಫಾರ್ಮರ್ ಮತ್ತು ಸಂಗಡಿಗರು ಸ್ಥಳೀಯರಿಗೇ ತರಬೇತಿ ಕೊಟ್ಟು ಕ್ಷಯರೋಗಿಗಳ ಮನೆಗೆ ಕಳಿಸಿದರು. ಊಟಕ್ಕೆ, ಪ್ರಯಾಣಕ್ಕೆ ಹಣವನ್ನೂ ಕೊಟ್ಟರು. ಬರೀ ಔಷಧ ಪಡೆದವರಿಗಿಂತ ಇವರಲ್ಲಿ ಹೆಚ್ಚು ಮಂದಿ ಗುಣವಾದರು.

ನಮ್ಮ ಮುಂಬಯಿಯಲ್ಲೂ ಅಷ್ಟೇ. ಊರಿಂದ ಚಿಕಿತ್ಸೆಗೆ ಬಂದ ಕನ್ನಡಿಗನಿಗೆ ಆಸ್ಪತ್ರೆಯ ಕೌಂಟರಿನಲ್ಲಿ ಹಿಂದಿ, ಮರಾಠಿ ತಿಳಿಸಿ ಹೇಳುವ ಜೊತೆಗಾರ ಬೇಕು. ಡಯಾಲಿಸಿಸ್ ವಾರಕ್ಕೆ ಎರಡು ಮೂರು ಸಲ ಆಗಬೇಕು, ವರ್ಷವಿಡೀ. ಒಮ್ಮೆ ಕೊಟ್ಟ ದೊಡ್ಡ ಚೆಕ್ಕಿಗೆ ನಾವು ಋಣಿಗಳು. ಆದರೆ ತಿಂಗಳು ತಿಂಗಳು ಬರುವ ಸಣ್ಣ ಮೊತ್ತವಿದ್ದರೆ ರೋಗಿಗೆ “ಮುಂದಿನ ತಿಂಗಳೂ ಬನ್ನಿ” ಎಂದು ಧೈರ್ಯವಾಗಿ ಹೇಳಬಹುದು. ಹಣ ಕೊಡಲಾಗದವರು ವಾರಕ್ಕೊಂದು ಬೆಳಗಿನ ಹೊತ್ತು ಕೊಡಿ, ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಲ್ಲಿ. ಅದಕ್ಕೆ ವಿಮಾನ ಹತ್ತಬೇಕಿಲ್ಲ. ಲೋಕಲ್ ಟ್ರೈನು ಸಾಕು.