ತೆರಿಗೆ ಇಳಿದಿದೆ, ಬಿಲ್ ಕೇಳಿ
(ಕೊಟ್ಟೂರಿನ ರೈತರ ಸಭೆಯಲ್ಲಿ ಆಡಿದ ಮಾತು)



ಅಮೆರಿಕದ ಕೆಲವು ರಾಜ್ಯಗಳಲ್ಲಿ ಶಾಲೆ ಶುರುವಾಗೋ ಮುಂಚೆ ಎರಡು ಮೂರು ದಿನ ಬಟ್ಟೆಬರೆಗೆ ಮಾರಾಟ ತೆರಿಗೆ ಬಿಡುತ್ತಾರೆ. ಕೊಳ್ಳೋರಿಗೆ ಹಬ್ಬ. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಇಳಿಸಿದರು, ಇದು ಎರಡು ದಿನದ ಮಾತಲ್ಲ. ಟ್ರ್ಯಾಕ್ಟರಿಗೆ ನೂರಕ್ಕೆ 12 ಇದ್ದದ್ದು 5 ಆಯಿತು, ಅದರ ಹಿಂದಿನ ಟೈರಿಗೆ 18 ಇದ್ದದ್ದು 5. ಇಪ್ಪತ್ತು ಸಾವಿರದ ಟೈರಿನಲ್ಲಿ 2,600 ರೂಪಾಯಿ ಉಳಿಯಬೇಕು. ಕೂಡ್ಲಿಗಿಯಲ್ಲಿ ಕೊಳ್ಳಿ, ಹಡಗಲಿಯಲ್ಲಿ ಕೊಳ್ಳಿ, ಬಿಲ್ ಇಲ್ಲದಿದ್ದರೆ ಉಳಿದದ್ದು ಗೊತ್ತಾಗೋದು ಹೇಗೆ?

ಇನ್ನೊಂದು ಮಾತು. ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಮುಂದಿನವನ ಮೇಲೆ ಹಾಕ್ತಾನೆ. ಮೆಕ್ಕೆಜೋಳ ಮಾರೋ ನಾವು ಯಾರ ಮೇಲೆ ಹಾಕೋಣ? 2025-26ಕ್ಕೆ ಕ್ವಿಂಟಲಿಗೆ 2,400 ಬೆಂಬಲ ಬೆಲೆ ಅಂತ ಬರೆದರಷ್ಟೇ ಸಾಲದು, ಆ ಬೆಲೆಗೆ ಕೊಳ್ಳಬೇಕು. ತೆರಿಗೆ ಬಿಟ್ಟರೆ ರಿಯಾಯಿತಿ. ಬೆಲೆ ಕೊಟ್ಟರೆ ನ್ಯಾಯ.