ಮದುವೆಯಾದ ಮೇಲೆ ಹತ್ತಿದ ಫುಟ್‌ಬಾಲ್ ಹುಚ್ಚು

ದೊಡ್ಡವರಾದ ಮೇಲೆ ಕಲಿತ ಹವ್ಯಾಸದ ಬಗ್ಗೆ ಮಾತಾಡಿ ಎಂದು ಮಹಿಳಾ ವೇದಿಕೆಯವರು ಕೇಳಿದಾಗ ಸ್ವಲ್ಪ ಸಂಕೋಚವಾಯಿತು. ನನಗಿಂತ ಮೊದಲು ಮಾತಾಡಿದವರು ವೀಣೆ, ಕಸೂತಿ, ತಾರಸಿ ತೋಟ ಎಂದರು. ನನ್ನದು ಫುಟ್‌ಬಾಲ್. ಅದೂ ಆಡುವುದಲ್ಲ, ನೋಡುವುದು.

ನಾನು ತುಮಕೂರಿನವಳು. 2015ರಲ್ಲಿ ಮದುವೆಯಾಗಿ ಚೆನ್ನೈನ ಪ್ಯಾರೀಸ್ ಕಾರ್ನರ್‌ಗೆ ಬಂದೆ. ಒಂದು ಕಡೆ ಹೈಕೋರ್ಟ್, ಇನ್ನೊಂದು ಕಡೆ ಜಾರ್ಜ್ ಟೌನಿನ ಸಗಟು ವ್ಯಾಪಾರದ ಬೀದಿಗಳು. ಮಾವನವರದು ಆಂಡರ್ಸನ್ ಬೀದಿಯಲ್ಲಿ ಲಗ್ನಪತ್ರಿಕೆ, ಕಾಗದದ ಅಂಗಡಿ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತಮಿಳು. ನನಗೆ ತಮಿಳು ಬರುತ್ತಿರಲಿಲ್ಲ. ಬೆಳಿಗ್ಗೆ ಬೀಚ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ತಿರುವಾನ್ಮಿಯೂರಿನ ಆಫೀಸಿಗೆ ಹೋಗುವುದು, ಸಂಜೆ ಅದೇ ರೈಲಿನಲ್ಲಿ ವಾಪಸ್. ಊರು ಕಿಟಕಿಯಲ್ಲಿ ಓಡುತ್ತಿತ್ತು, ಅಷ್ಟೇ.

ಅದೇ ವರ್ಷ ಅಕ್ಟೋಬರ್ 3ರಂದು ಸಹೋದ್ಯೋಗಿಯೊಬ್ಬಳು ತನ್ನ ಬಳಿ ಒಂದು ಟಿಕೆಟ್ ಹೆಚ್ಚಿಗೆ ಇದೆ ಎಂದು ನನ್ನನ್ನು ನೆಹರೂ ಸ್ಟೇಡಿಯಂಗೆ ಕರೆದುಕೊಂಡು ಹೋದಳು. ಇಂಡಿಯನ್ ಸೂಪರ್ ಲೀಗ್‌ನ ಆ ವರ್ಷದ ಮೊದಲ ಪಂದ್ಯ. ಕೋಲ್ಕತ್ತದ ತಂಡದ ಎದುರು ಚೆನ್ನೈಯಿನ್ ಎಫ್‌ಸಿ 3-2ರಿಂದ ಸೋತಿತು. ನಾನು ಮೊದಲು ನೋಡಿದ್ದೇ ಸೋಲು! ಆದರೆ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಕಡಲೆಬೀಜಗಳನ್ನು ಕುರ್ಚಿಯ ಮೇಲೆ ಸಾಲಾಗಿ ಇಟ್ಟು ನನಗೆ ಆಫ್‌ಸೈಡ್ ಹೇಳಿಕೊಟ್ಟಳು. ಜೊತೆಗಾರ ಚೆಂಡು ಒದೆಯುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ನಮ್ಮ ಆಟಗಾರ ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರ ಇರಬಾರದು. ಎಂ.ಟೆಕ್ ಮಾಡಿದ ನನಗೆ ಇದು ಪೂರ್ತಿ ಅರ್ಥವಾಗಲು ಮೂರು ಪಂದ್ಯ ಬೇಕಾಯಿತು. ಅಷ್ಟರಲ್ಲಿ ಅರ್ಧ ತಮಿಳೂ ಬಂದಿತ್ತು.

ಡಿಸೆಂಬರ್‌ನಲ್ಲಿ ಆ ಮಹಾ ಮಳೆ. ಚೆನ್ನೈ ಮುಳುಗಿತು. ತವರು ಮೈದಾನದ ಸೆಮಿಫೈನಲ್ ಪುಣೆಗೆ ಹೋಯಿತು. ಅಲ್ಲಿ ಗೆದ್ದ ತಂಡ ಡಿಸೆಂಬರ್ 20ರಂದು ಗೋವಾದಲ್ಲಿ ಗೋವಾ ವಿರುದ್ಧವೇ ಫೈನಲ್ ಆಡಿತು. ಆಟ ಮುಗಿಯಲು ಇನ್ನೇನು ಕೆಲವೇ ನಿಮಿಷ ಎನ್ನುವಾಗ 2-1ರಿಂದ ಹಿಂದೆ. ಕೊನೆಗೆ 3-2ರಿಂದ ಕಪ್ ನಮ್ಮದು. ನೀರು, ಕರೆಂಟು ಇಲ್ಲದೆ ದಿನ ದೂಡಿದ್ದ ಜನ ಬೀದಿಯಲ್ಲಿ ಕುಣಿದರು. ಆ ರಾತ್ರಿ ನಾನು ಮೊದಲ ಸಲ "ನಮ್ಮ ಚೆನ್ನೈ" ಅಂದೆ. ಅಂದ ಮೇಲೆ ಗೊತ್ತಾಯಿತು, ಅಂದೆ ಅಂತ.

ಈಗ ನಿಜವಾದ ಕಷ್ಟದ ಕಥೆಗೆ ಬರುತ್ತೇನೆ. 2018ರ ಮಾರ್ಚ್ 13, ಗೋವಾ ಎದುರು ನಮ್ಮೂರಲ್ಲಿ ಸೆಮಿಫೈನಲ್. ಆಫೀಸಿನಿಂದ ಬರುತ್ತಾ ಪಾರ್ಕ್ ಟೌನ್ ಸ್ಟೇಷನ್ನಿನಲ್ಲಿ ಇಳಿದು ಒಬ್ಬಳೇ ಹೋದೆ. 3-0ರಿಂದ ಗೆದ್ದೆವು. ಒಂದು ಗೋಲು ಧನಪಾಲ್ ಗಣೇಶ್‌ದು. ನಮ್ಮ ಮನೆಯಿಂದ ಸ್ವಲ್ಪವೇ ದೂರದ ವ್ಯಾಸರ್ಪಾಡಿಯ ಹುಡುಗ! ಗಂಟಲು ಹರಿಯುವಂತೆ ಕೂಗಿದೆ. ಆಮೇಲೆ ನೆನಪಾಯಿತು, ಫೈನಲ್‌ನಲ್ಲಿ ಎದುರಿಗೆ ಇರುವುದು ಬೆಂಗಳೂರು ಎಫ್‌ಸಿ.

ಫೈನಲ್ ಮಾರ್ಚ್ 17ರಂದು, ಕಂಠೀರವ ಕ್ರೀಡಾಂಗಣದಲ್ಲಿ. ಮರುದಿನ ಯುಗಾದಿ. ನಾನು ಹಬ್ಬಕ್ಕೆ ತುಮಕೂರಿನ ತವರಿನಲ್ಲಿದ್ದೆ. ತಮ್ಮ ಬೆಂಗಳೂರು ತಂಡದ ನೀಲಿ ಅಂಗಿ ಹಾಕಿಕೊಂಡು ಟಿವಿ ಮುಂದೆ ಕೂತ. ನನ್ನ ಬ್ಯಾಗಿನಲ್ಲೂ ನೀಲಿ ಅಂಗಿ ಇತ್ತು, ಚೆನ್ನೈಯದು. ಒಂಬತ್ತನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಮನೆಯೆಲ್ಲಾ ಚಪ್ಪಾಳೆ. ನಾನು ಸುಮ್ಮನಿದ್ದೆ. ಬ್ರೆಜಿಲ್‌ನ ಮೈಲ್ಸನ್ ಆಲ್ವೆಸ್ ತಲೆಯಿಂದ ಎರಡು ಗೋಲು ಹೊಡೆದರು. ಎರಡನೆಯದಕ್ಕೆ ನಾನು ಎದ್ದು ಕೂಗಿಯೇಬಿಟ್ಟೆ. ಕೊನೆಗೆ ಚೆನ್ನೈಗೆ 3-2ರ ಗೆಲುವು.

ತಮ್ಮ ತಿರುಗಿ ನೋಡಿ, "ಅಕ್ಕಾ, ನೀನು ಕರ್ನಾಟಕದವಳು ತಾನೆ?" ಅಂದ. ತಮಾಷೆಗೆ ಕೇಳಿದ್ದಲ್ಲ. ನನ್ನಲ್ಲಿ ಉತ್ತರ ಇರಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ. ಬೆಳಿಗ್ಗೆ ಅಮ್ಮ ಬೇವು ಬೆಲ್ಲ ಕೊಡುವಾಗ ಅವನು, "ನನಗೆ ಬರೀ ಬೆಲ್ಲ ಕೊಡಮ್ಮ, ಬೇವು ರಾತ್ರಿನೇ ತಿಂದಾಗಿದೆ" ಅಂದಾಗಲೇ ನಾವಿಬ್ಬರೂ ನಕ್ಕಿದ್ದು.

ಉತ್ತರ ಸಿಕ್ಕಿದ್ದು ಮುಂದಿನ ವರ್ಷ. ಕಪ್ ಗೆದ್ದ ತಂಡ 2018-19ರಲ್ಲಿ 18 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಪಟ್ಟಿಯಲ್ಲಿ ಕಟ್ಟಕಡೆ. ಸ್ಟೇಡಿಯಂ ಖಾಲಿಯಾಗುತ್ತಾ ಬಂತು. ಮಾವನವರು, "ಸೋಲೋದನ್ನ ನೋಡೋಕೆ ದುಡ್ಡು ಕೊಟ್ಟು ಹೋಗಬೇಕಾ?" ಅಂದರು. ಅತ್ತೆಯ ಪ್ರಶ್ನೆ, "ಅದರಿಂದ ಏನು ಉಪಯೋಗ?" ಆದರೂ ಹೋದೆ. ಖಾಲಿ ಕುರ್ಚಿಗಳ ನಡುವೆ ಕಡಲೆಬೀಜದ ಆ ಹುಡುಗಿಯೂ ಇದ್ದಳು. ಅವಳನ್ನು ಕಂಡಾಗ ಅನ್ನಿಸಿತು: ಕನ್ನಡ ನನಗೆ ಹುಟ್ಟಿನಿಂದ ಬಂತು, ಈ ಊರು ಮದುವೆಯಿಂದ ಬಂತು. ತಂಡ ಮಾತ್ರ ನಾನೇ ಆರಿಸಿಕೊಂಡದ್ದು. ಅದರ ಕೈ ಹಿಡಿದೇ ಊರೂ ನನ್ನದಾಯಿತು. ಇದರಿಂದ ಕನ್ನಡಕ್ಕೆ ಏನೂ ಕಡಿಮೆಯಾಗಿಲ್ಲ. ರಣಜಿಯಲ್ಲಿ ಕರ್ನಾಟಕ ಆಡಿದರೆ ಇವತ್ತಿಗೂ ಚೆನ್ನೈನಲ್ಲೇ ಕೂತು ಕರ್ನಾಟಕಕ್ಕೇ ಕೂಗುತ್ತೇನೆ. ತಮ್ಮನಿಗೆ ಇದನ್ನೇ ಹೇಳಿದೆ. "ಸರಿ, ಮುಂದಿನ ಸಲ ನೋಡ್ಕೋತೀವಿ" ಅಂದ. ಒಪ್ಪಿದ ಹಾಗೆಯೇ.

ನಮ್ಮ ಹೆಂಗಸರ ಹವ್ಯಾಸಕ್ಕೂ ಲೆಕ್ಕ ಕೇಳುವವರಿದ್ದಾರೆ. ಹೊಲಿದರೆ ರವಿಕೆ ಸಿಗುತ್ತದೆ, ಹಾಡಿದರೆ ಹಬ್ಬಕ್ಕಾಗುತ್ತದೆ. ಫುಟ್‌ಬಾಲ್ ನೋಡಿದರೆ ಕೈಗೇನೂ ಸಿಗುವುದಿಲ್ಲ. ಎರಡು ಗಂಟೆ ಕಾಲ ನಾನು ಯಾರ ಸೊಸೆಯೂ ಅಲ್ಲ, ಯಾವ ಪ್ರಾಜೆಕ್ಟಿನ ಲೀಡೂ ಅಲ್ಲ. ಅಷ್ಟು ಸಾಕು ನನಗೆ.

ಉಪಯೋಗ ಕೇಳಿದ ಅತ್ತೆ ಈಗ ಪಂದ್ಯದ ದಿನ ನನ್ನ ಊಟ ಮುಚ್ಚಿಟ್ಟು ಮಲಗುತ್ತಾರೆ. ಬಾಗಿಲ ಸದ್ದಾದ ಕೂಡಲೇ ಕತ್ತಲಲ್ಲೇ ಕೇಳುತ್ತಾರೆ, "ಗೆದ್ರೇನೇ?"